ಹ್ಯಾಸ್ಕೆಲ್ ಕಲಿಯೋದಾ, ಎಲಿಕ್ಸರ್ ಕಲಿಯೋದಾ?

ಮಡಿಕೇರಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಗೆಳೆಯರೊಬ್ಬರು ಫಂಕ್ಷನಲ್ ಪ್ರೋಗ್ರಾಮಿಂಗ್ (ಗಣಿತದ ಫಂಕ್ಷನ್‌ಗಳನ್ನು ಜೋಡಿಸಿದ ಹಾಗೆ ಪ್ರೋಗ್ರಾಂ ಬರೆಯುವ ರೀತಿ) ಕಲಿಯಬೇಕು, ಯಾವುದರಿಂದ ಶುರು ಮಾಡಲಿ ಅಂತ ಕೇಳಿದರು. ನಾನು ಆ ಬಗೆಯ ಭಾಷೆಗಳಾದ ಹ್ಯಾಸ್ಕೆಲ್, ಎಲಿಕ್ಸರ್ ಎರಡನ್ನೂ ಒಂದೊಂದು ಮಳೆಗಾಲ ಹಿಡಿದು ಕೂತವನು.

ಹ್ಯಾಸ್ಕೆಲ್ 1990ರದ್ದು, ತುಂಬಾ ಕಟ್ಟುನಿಟ್ಟು. ಟೈಪ್ (ಒಂದು ಮೌಲ್ಯ ಸಂಖ್ಯೆಯೋ ಅಕ್ಷರವೋ ಎಂಬ ಬಗೆ) ಒಂಚೂರು ತಪ್ಪಿದರೂ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮುಂದೆ ಬಿಡುವುದಿಲ್ಲ, ಮೊದಮೊದಲು ಅಳುವೇ ಬರುತ್ತದೆ, ಆದರೆ ಆ ಜಗಳದಲ್ಲೇ ಯೋಚಿಸುವ ರೀತಿ ಬದಲಾಗುತ್ತದೆ. ಬೇಕಾಗುವ ತನಕ ಲೆಕ್ಕ ಮಾಡದ ಸೋಮಾರಿ ಅದು. ಹಾಗಾಗಿ ಕೊನೆಯೇ ಇಲ್ಲದ ಪಟ್ಟಿಯನ್ನೂ ಬರೆದಿಡಬಹುದು. ರ‍್ಯಾಮ್ ಮಾತ್ರ ಜಾಸ್ತಿ ಬೇಕು, ನನ್ನ 8 ಜಿಬಿ ಲ್ಯಾಪ್‌ಟಾಪ್ ಏದುಸಿರು ಬಿಟ್ಟಿತ್ತು.

ಎಲಿಕ್ಸರ್ ಟೈಪ್ ವಿಷಯದಲ್ಲಿ ಅಷ್ಟು ಬಿಗಿ ಇಲ್ಲ. ಓಡುವುದು ಎರ್ಲ್ಯಾಂಗ್‌ನ ವರ್ಚುವಲ್ ಮೆಷಿನ್ (ಕೋಡನ್ನು ಓಡಿಸುವ ತಂತ್ರಾಂಶ) ಮೇಲೆ. ಎರಿಕ್ಸನ್ ಕಂಪನಿ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಅಂತ ಬೆಳೆಸಿದ ಭಾಷೆ ಅಲ್ವಾ ಎರ್ಲ್ಯಾಂಗ್, ಒಂದು ಪ್ರೋಸೆಸ್ (ಪ್ರೋಗ್ರಾಂ ಒಳಗೆ ತನ್ನಷ್ಟಕ್ಕೆ ಓಡುವ ಪುಟ್ಟ ಕೆಲಸ) ಬಿದ್ದರೆ ಕಾವಲಿಗಿರುವ ಸೂಪರ್‌ವೈಸರ್ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತದೆ. ಗ್ಯಾಜೆಟ್ ಹುಚ್ಚಿದ್ದರೆ ನರ್ವ್ಸ್ ಅಂತ ಒಂದು ತಂತ್ರಾಂಶ ಇದೆ, ಅದರಿಂದ ಎಲಿಕ್ಸರ್ ಕೋಡನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹಾಕಬಹುದು. ಕಾಫಿ ತೋಟದ ಮಳೆ ಅಳೆಯಲು ಮಾಡಿ ನೋಡಿದೆ. ಚೆನ್ನಾಗೇ ಓಡಿತು, ಜುಲೈನಲ್ಲಿ ಎರಡು ದಿನ ಕರೆಂಟ್ ಹೋದಾಗ ಯಾವ ಸೂಪರ್‌ವೈಸರೂ ಕಾಪಾಡಲಿಲ್ಲ ಅಷ್ಟೆ.

ವೆಬ್ ಕೆಲಸವೇ ಹೊಟ್ಟೆಪಾಡಾದರೆ ಎಲಿಕ್ಸರ್ ಹಿಡಿಯಿರಿ, ವೆಬ್‌ಸೈಟ್ ಕಟ್ಟಲು ಅದಕ್ಕಿರುವ ಫೀನಿಕ್ಸ್‌ನಲ್ಲಿ ಬೇಗ ಏನಾದರೂ ಕಣ್ಣಿಗೆ ಕಾಣುತ್ತದೆ. ತಲೆಗೆ ಕಸರತ್ತು ಬೇಕಿದ್ದರೆ ಹ್ಯಾಸ್ಕೆಲ್. ಬೆಂಗಳೂರಿನ ಯಾವುದಾದರೂ ಪ್ರೋಗ್ರಾಮಿಂಗ್ ಸಮ್ಮೇಳನಕ್ಕೆ ಆರು ಗಂಟೆ ಬಸ್ಸಲ್ಲಿ ಕೂರುವ ಮುಂಚೆ ಯಾವುದಾದರೂ ಒಂದರಲ್ಲಿ ಪುಟ್ಟದೊಂದು ಪ್ರೋಗ್ರಾಂ ಬರೆದಿರಿ, ಇಲ್ಲದಿದ್ದರೆ ಸುಮ್ನೆ ಕಾಫಿ ಕುಡಿದು ವಾಪಸ್ ಬರ್ತೀರಿ. ಕಾಫಿ ಇಲ್ಲೇ ಚೆನ್ನಾಗಿದೆ.