ರಂಗನತಿಟ್ಟೋ ಕೊಕ್ಕರೆ ಬೆಳ್ಳೂರೋ: ಗೂಡಿನ ಕಾಲದಲ್ಲಿ ಒಂದು ದಿನ ಸಿಕ್ಕರೆ

ಶಿವರಾತ್ರಿ ಕಳೆದು ಯುಗಾದಿ ಬರುವವರೆಗೆ ಮೈಸೂರಿನ ಸುತ್ತಮುತ್ತ ಬೆಳಗಿನ ಹೊತ್ತು ತುಂಬ ಚೆನ್ನಾಗಿರುತ್ತದೆ. ಚಳಿ ಹೋಗಿರುತ್ತದೆ, ಬಿಸಿಲು ಇನ್ನೂ ತಲೆ ಸುಡುವ ಮಟ್ಟಕ್ಕೆ ಏರಿರುವುದಿಲ್ಲ, ಹೊಂಗೆ ಮರಗಳು ಚಿಗುರಿ ನಿಂತಿರುತ್ತವೆ. ಕೊಕ್ಕರೆ, ಹೆಜ್ಜಾರ್ಲೆಗಳು (ಪೆಲಿಕನ್) ಗೂಡು ಕಟ್ಟಿ ಮರಿ ಸಾಕುವುದೂ ಈ ಕಾಲದಲ್ಲೇ. ಒಂದೇ ದಿನದಲ್ಲಿ ಹೋಗಿ ಬರಬೇಕು, ಹಕ್ಕಿಗಳನ್ನು ಗೂಡಿನಲ್ಲೇ ನೋಡಬೇಕು ಅಂದರೆ ನಮ್ಮ ಕಡೆಯವರಿಗೆ ಎರಡು ಜಾಗ ನೆನಪಾಗುತ್ತವೆ, ರಂಗನತಿಟ್ಟು ಮತ್ತು ಕೊಕ್ಕರೆ ಬೆಳ್ಳೂರು. ಎರಡೂ ಮಂಡ್ಯ ಜಿಲ್ಲೆಯವೇ. ಎರಡಕ್ಕೂ ನಾನು ವರ್ಷ ವರ್ಷ ಹೋಗುತ್ತೇನೆ, ಕೆಲವು ಸಲ ಅಮ್ಮನ ಜೊತೆ, ಕೆಲವು ಸಲ ಅಕ್ಕನ ಮಕ್ಕಳ ಜೊತೆ, ಕೆಲವು ಸಲ ಒಬ್ಬನೇ. ಯಾವುದಕ್ಕೆ ಹೋಗೋಣ ಅಂತ ಯಾರಾದರೂ ಕೇಳಿದರೆ ‘ಎರಡೂ ಚೆನ್ನಾಗಿವೆ’ ಅಂದುಬಿಡುವುದು ಸುಲಭ, ಆದರೆ ಕೇಳಿದವರಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ನನ್ನ ಮಟ್ಟಿಗೆ ಮಾರ್ಚ್ ತಿಂಗಳಲ್ಲಿ ಬೆಳ್ಳೂರೇ ಮೇಲು. ಆದರೂ ಬೆಳ್ಳೂರು ಬಿಟ್ಟು ರಂಗನತಿಟ್ಟಿಗೇ ಹೋಗುವ ದಿನಗಳೂ ಇವೆ.

ಮೊದಲು ದಾರಿಯ ವಿಷಯ. ರಂಗನತಿಟ್ಟು ಮೈಸೂರಿನಿಂದ 20 ಕಿ.ಮೀ. ಒಳಗೇ ಇದೆ. ಶ್ರೀರಂಗಪಟ್ಟಣದವರೆಗೆ ಬಸ್ಸೂ ಉಂಟು, ರೈಲೂ ಉಂಟು, ಅಲ್ಲಿಂದ ಆಟೋ ಹಿಡಿದರಾಯಿತು. ಮನೆಯಲ್ಲೇ ತಿಂಡಿ ಮುಗಿಸಿ ನಿಧಾನಕ್ಕೆ ಹೊರಟರೂ ನಡೆಯುತ್ತದೆ. ಬೆಳ್ಳೂರು ಹಾಗಲ್ಲ. ಬೆಂಗಳೂರು ದಿಕ್ಕಿನಲ್ಲಿ ಮದ್ದೂರು ದಾಟಿ, ರುದ್ರಾಕ್ಷಿಪುರದ ಹತ್ತಿರ ಹೆದ್ದಾರಿ ಬಿಟ್ಟು, ಅಲ್ಲಿಂದ ಸುಮಾರು 12 ಕಿ.ಮೀ. ಒಳಗೆ ಹೋಗಬೇಕು. ಈಗ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಇನ್ನೊಂದು ಮಾತು ನೆನಪಿಟ್ಟುಕೊಳ್ಳಬೇಕು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಸ್ಕೂಟರು, ಆಟೋಗಳನ್ನು ಬಿಡುವುದಿಲ್ಲ. ಹಾಗಾಗಿ ಬೈಕಿನವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಜಾಸ್ತಿ ಹೊತ್ತು ಹಿಡಿಯುತ್ತದೆ. ಕಾರಿನವರು ಮೇಲಿನ ರಸ್ತೆಯಲ್ಲೇ ಓಡಿಸುತ್ತಾ ಹೋದರೆ ತಿರುವು ಎಲ್ಲಿ ಬಂತು ಅಂತಲೇ ಗೊತ್ತಾಗುವುದಿಲ್ಲ, ಮದ್ದೂರಿನ ಹೊತ್ತಿಗೇ ಸರ್ವಿಸ್ ರಸ್ತೆಗೆ ಇಳಿದುಬಿಡುವುದು ಒಳ್ಳೆಯದು. ಬಸ್ಸನ್ನೇ ನಂಬಿ ಹೋಗುವವರಿಗೆ ಬೆಳ್ಳೂರು ಸ್ವಲ್ಪ ಕಷ್ಟ. ಮದ್ದೂರಿನವರೆಗೆ ಆರಾಮ, ಅಲ್ಲಿಂದ ಮುಂದೆ ಕಾಯಬೇಕು, ಇಲ್ಲವೇ ಆಟೋದವರ ಜೊತೆ ಹೋಗಿ ಬರುವುದಕ್ಕೆ ಮೊದಲೇ ಮಾತಾಡಿಕೊಳ್ಳಬೇಕು. ದಾರಿಯ ಲೆಕ್ಕದಲ್ಲಿ ರಂಗನತಿಟ್ಟು ಕಣ್ಣುಮುಚ್ಚಿ ಗೆಲ್ಲುತ್ತದೆ.

ರಂಗನತಿಟ್ಟಿನಲ್ಲಿ ದೋಣಿಯೇ ಮುಖ್ಯ. ಕಾವೇರಿಯ ನಡುವೆ ಪುಟ್ಟ ಪುಟ್ಟ ತಿಟ್ಟುಗಳು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಅಣೆಕಟ್ಟೆ ಕಟ್ಟಿದಾಗ ಆದವು ಇವು. ಇಲ್ಲಿ ಇಷ್ಟೊಂದು ಹಕ್ಕಿ ಗೂಡು ಕಟ್ಟುವುದನ್ನು ಕಂಡು ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಅರಸರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಅಂತ ಘೋಷಣೆ ಆಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು, ಕರ್ನಾಟಕದಿಂದ ಆ ಪಟ್ಟಿಗೆ ಹೋದ ಮೊದಲ ಜಾಗ ಇದೇ. ಒಳಗೆ ಹೋಗುವುದಕ್ಕೆ ಒಂದು ಟಿಕೆಟ್ಟು, ದೋಣಿಗೆ ಬೇರೆ. ದೋಣಿಯವರು ಹುಟ್ಟು ಹಾಕುತ್ತಲೇ ಯಾವುದು ಯಾವ ಹಕ್ಕಿ ಅಂತ ಹೇಳುತ್ತಾ ಹೋಗುತ್ತಾರೆ. ಮೋಟಾರಿನ ಸದ್ದಿಲ್ಲ, ಅದೇ ದೊಡ್ಡ ಸಮಾಧಾನ.

ಈ ಕಾಲದಲ್ಲಿ ಹೊಳೆಯಲ್ಲಿ ನೀರು ಇಳಿದಿರುತ್ತದೆ, ಬಂಡೆಗಳು ಮೇಲೆದ್ದಿರುತ್ತವೆ. ಮಳೆಗಾಲದಲ್ಲಾದರೆ ಕನ್ನಂಬಾಡಿಯಿಂದ ನೀರು ಬಿಟ್ಟಾಗ ದೋಣಿಯನ್ನೇ ನಿಲ್ಲಿಸುತ್ತಾರೆ, ಮಾರ್ಚ್‌ನಲ್ಲಿ ಆ ಚಿಂತೆ ಇಲ್ಲ. ಬಂಡೆಗಳ ಮೇಲೆ ಮೊಸಳೆಗಳು ಬಾಯಿ ತೆರೆದುಕೊಂಡು ಬಿಸಿಲಿಗೆ ಮಲಗಿರುತ್ತವೆ. ಕೆಲವು ಸಲ ದೋಣಿ ಎಷ್ಟು ಹತ್ತಿರ ಹೋಗುತ್ತದೆ ಅಂದರೆ ಹಲ್ಲಿನ ಸಾಲು, ಬೆನ್ನ ಮೇಲಿನ ಒಣ ಕೆಸರು ಎಲ್ಲ ಕಾಣಿಸುತ್ತದೆ. ಅಕ್ಕನ ಮಗ ಅಲ್ಲಿ ನನ್ನ ಕೈ ಹಿಡಿದವನು ದಡ ಸೇರುವವರೆಗೂ ಬಿಡಲಿಲ್ಲ. ಬಂಡೆಗಳ ಚಾಚಿನ ಕೆಳಗೆ ಅಂಬರಗುಬ್ಬಿಗಳ ಮಣ್ಣಿನ ಗೂಡುಗಳು ಗುಂಪುಗುಂಪಾಗಿ ಅಂಟಿರುತ್ತವೆ, ದೋಣಿಯವರು ತೋರಿಸದಿದ್ದರೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೊಳೆಯ ರೀವ ಅನ್ನುವ ಹಕ್ಕಿಗಳು ಬೋಳು ಬಂಡೆಯ ಮೇಲೇ ಮೊಟ್ಟೆ ಇಡುವುದೂ ಈ ದಿನಗಳಲ್ಲೇ. ಬೆಳ್ಳೂರಿನಲ್ಲಿ ಇದ್ಯಾವುದೂ ಇಲ್ಲ. ನೀರಿನ ಹಕ್ಕಿ, ಮೊಸಳೆ, ಹೊಳೆಮತ್ತಿ ಮರದಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡ ಬಾವಲಿಗಳು, ಇಷ್ಟು ಬಗೆ ಒಂದೇ ಕಡೆ ಬೇಕು ಅಂದರೆ ರಂಗನತಿಟ್ಟಿಗೆ ಸಾಟಿ ಇಲ್ಲ.

ನನ್ನ ತಕರಾರು ಇರುವುದು ಹೊತ್ತಿನ ಬಗ್ಗೆ. ದೋಣಿಯ ಸುತ್ತು ಇಪ್ಪತ್ತು ನಿಮಿಷದ ಆಸುಪಾಸು, ಅಷ್ಟರಲ್ಲಿ ಮುಗಿಯುತ್ತದೆ. ಒಂದು ಗೂಡಿನಲ್ಲಿ ಏನೋ ನಡೆಯುತ್ತಿದೆ, ಇನ್ನೈದು ನಿಮಿಷ ನಿಂತರೆ ತಾಯಿ ಹಕ್ಕಿ ಮೀನು ತಂದು ಕೊಡುವುದನ್ನು ನೋಡಬಹುದು ಅನ್ನುವಾಗಲೇ ದೋಣಿ ಮುಂದಿನ ತಿಟ್ಟಿಗೆ ಹೊರಟಿರುತ್ತದೆ. ಹಿಂದೆ ಬೇರೆ ದೋಣಿಗಳು ಬರುತ್ತಿರುತ್ತವೆ, ನಮ್ಮ ದೋಣಿಯಲ್ಲೇ ಮಕ್ಕಳಿರುತ್ತಾರೆ, ನಿಲ್ಲಿಸಿ ಅಂತ ಹೇಳುವುದಾದರೂ ಹೇಗೆ? ಭಾನುವಾರ ಜನವೂ ಜಾಸ್ತಿ. ದಡದ ಮೇಲಿನ ದಾರಿಯಲ್ಲಿ ನಡೆದು, ಗೋಪುರ ಹತ್ತಿ ನೋಡಬಹುದು ನಿಜ, ಆದರೆ ಅಲ್ಲಿಂದ ಗೂಡುಗಳು ದೂರ, ದುರ್ಬೀನು ಇಲ್ಲದಿದ್ದರೆ ಬಿಳಿ ಚುಕ್ಕೆಗಳಷ್ಟೇ.

ಬೆಳ್ಳೂರಿನಲ್ಲಿ ನಿಮ್ಮನ್ನು ಯಾರೂ ಹೊರಡಿಸುವುದಿಲ್ಲ. ಅದು ಪಕ್ಷಿಧಾಮ ಅಲ್ಲ, ಊರು. ಮನೆ, ಹಿತ್ತಿಲು, ಕೊಟ್ಟಿಗೆ, ಹುಲ್ಲಿನ ಬಣವೆ, ಇವುಗಳ ನಡುವೆ ಹುಣಸೆ ಮರ, ಅರಳಿ ಮರ, ಆ ಮರಗಳ ತುಂಬ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡು. ಮನೆಯ ಹೆಂಚಿನ ಮೇಲೆಲ್ಲ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆ. ಕೆಳಗೆ ಒಬ್ಬರು ಪಾತ್ರೆ ತೊಳೆಯುತ್ತಿರುತ್ತಾರೆ, ಅವರ ತಲೆಯ ಮೇಲಿನ ಕೊಂಬೆಯಲ್ಲಿ ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಜಾಸ್ತಿ ಅಗಲ ಬರುವ ಹಕ್ಕಿ ಬಂದು ಕೂರುತ್ತದೆ, ಇಬ್ಬರೂ ಒಬ್ಬರನ್ನೊಬ್ಬರು ತಿರುಗಿಯೂ ನೋಡುವುದಿಲ್ಲ. ಮೊದಲ ಸಲ ಹೋದವರಿಗೆ ಇದನ್ನು ನಂಬುವುದಕ್ಕೇ ಸ್ವಲ್ಪ ಹೊತ್ತು ಬೇಕು.

ಈ ಊರಿನ ವಿಷಯ ಹೊರಗಿನವರಿಗೆ ಹೆಚ್ಚು ತಿಳಿದದ್ದು 1976ರಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ್ ಗಮನಿಸಿ ದಾಖಲಿಸಿದ ಮೇಲೆ. ಊರಿನವರಿಗಂತೂ ಮೊದಲಿನಿಂದಲೂ ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಅದು ಬರೀ ಬಾಯಿಮಾತಲ್ಲ. ಹುಣಸೆ ಹಣ್ಣು ಕೀಳುವ ಕಾಲವೂ ಮರಿಗಳು ಗೂಡಿನಲ್ಲಿರುವ ಕಾಲವೂ ಒಂದೇ. ಮರ ಹತ್ತಿ ಕೋಲಿನಿಂದ ಬಡಿದರೆ ಮರಿಗಳ ಗತಿ? ಅದಕ್ಕೇ ಹಣ್ಣನ್ನು ಹಾಗೇ ಬಿಡುತ್ತಾರೆ, ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಅಂತ ಒಂದಿಷ್ಟು ಕೊಡುತ್ತದೆ. ಹಿಕ್ಕೆ ಹೊಲಕ್ಕೆ ಗೊಬ್ಬರ. 1990ರ ದಶಕದಿಂದ ಊರಿನ ಹುಡುಗರೇ ‘ಹೆಜ್ಜಾರ್ಲೆ ಬಳಗ’ ಅಂತ ಕಟ್ಟಿಕೊಂಡು, ಮರದಿಂದ ಬಿದ್ದ ಮರಿಗಳನ್ನು ತಂದು ಮೀನು ಹಾಕಿ ಸಾಕಿ ಬಿಡುವ ಕೆಲಸ ಮಾಡಿದ್ದಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶ ಆಯಿತು. 2017ರ ಕೊನೆಯಲ್ಲಿ ಇಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತು ಬಿದ್ದವು, ಹೊಟ್ಟೆಯ ಜಂತುಹುಳು ಕಾರಣ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಆ ಸುದ್ದಿ ಓದಿದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಜಾರಾಗಿತ್ತು. ಹಾಗಾಗಿ ಎಲ್ಲ ವರ್ಷವೂ ಮರಗಳು ಒಂದೇ ಸಮ ತುಂಬಿರುತ್ತವೆ ಅಂದುಕೊಂಡು ಹೋಗಬೇಡಿ.

ಒಂದು ಹಿತ್ತಿಲ ಹತ್ತಿರ ನಿಂತು ಅಲ್ಲಿದ್ದ ಅಜ್ಜಿಯನ್ನು ಕೇಳಿದೆ, ‘ಅಜ್ಜಿ, ಇಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬಹುದಾ?’ ಅಂತ. ‘ನೋಡು ಮಗ, ನಿಂತ್ಕೊಂಡ್ ಯಾಕ್ ನೋಡ್ತೀಯ, ಕೂತ್ಕೊ’ ಅಂದರು. ಜಗಲಿಯ ಮೇಲೆ ಕೂತೆ. ನೇರ ಎದುರಿಗೆ ಒಂದು ಹೆಜ್ಜಾರ್ಲೆ ಗೂಡು, ಅದರಲ್ಲಿ ಎರಡು ದೊಡ್ಡ ಮರಿ. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಾಯಿಯೋ ತಂದೆಯೋ ಬಂದು ಇಳಿಯಿತು. ಒಂದು ಮರಿ ತಕ್ಷಣ ನುಗ್ಗಿ ತನ್ನ ತಲೆಯನ್ನು ಪೂರ್ತಿ ಅದರ ಗಂಟಲ ಚೀಲದೊಳಗೆ ತೂರಿಸಿತು, ಕುತ್ತಿಗೆವರೆಗೂ ಒಳಗೆ. ಚೀಲ ಅತ್ತ ಇತ್ತ ಉಬ್ಬುವುದು ಹೊರಗಿನಿಂದಲೇ ಕಾಣುತ್ತಿತ್ತು. ಇನ್ನೊಂದು ಮರಿ ಪಕ್ಕದಲ್ಲಿ ನಿಂತು ಕೂಗಿದ್ದೇ ಕೂಗಿದ್ದು. ದೊಡ್ಡ ಹಕ್ಕಿ ಮಾತ್ರ ಕೊಂಬೆಯನ್ನು ಕಾಲಿನಲ್ಲಿ ಗಟ್ಟಿ ಹಿಡಿದು ಸುಮ್ನೆ ನಿಂತಿತ್ತು.

ಹತ್ತು ಗಂಟೆ ದಾಟಿ ಬಿಸಿಲು ಚುರುಗುಟ್ಟತೊಡಗಿದಾಗ ಬಣ್ಣದ ಕೊಕ್ಕರೆಗಳ ಕಡೆ ತಿರುಗಿ. ಗೂಡಿನ ಮೇಲೆ ರೆಕ್ಕೆ ಬಿಚ್ಚಿ ನಿಂತು ಮರಿಗಳಿಗೆ ನೆರಳು ಮಾಡುತ್ತವೆ, ಸೂರ್ಯ ಸರಿದ ಹಾಗೆ ತಾವೂ ತಿರುಗುತ್ತವೆ. ನೀರನ್ನೂ ಬಾಯಲ್ಲೇ ತಂದು ಮರಿಗಳ ಬಾಯಿಗೆ ಸುರಿಯುತ್ತವೆ. ದೊಡ್ಡವಕ್ಕೆ ಕೂಗು ಅಂತ ಇಲ್ಲವೇ ಇಲ್ಲ ಅನ್ನಬೇಕು, ಕೊಕ್ಕಿಗೆ ಕೊಕ್ಕು ಬಡಿದು ಟಕಟಕ ಸದ್ದು ಮಾಡುತ್ತವೆ ಅಷ್ಟೆ. ಮರದಲ್ಲಿ ಕೇಳುವ ಗಲಾಟೆಯೆಲ್ಲ ಮರಿಗಳದು. ರಂಗನತಿಟ್ಟಿನಲ್ಲೂ ಇವೇ ಕೊಕ್ಕರೆಗಳು, ಇವೇ ಹೆಜ್ಜಾರ್ಲೆಗಳು ಇವೆ. ಆದರೆ ಇಂಥದ್ದನ್ನು ಪೂರ್ತಿಯಾಗಿ, ಆರಂಭದಿಂದ ಕೊನೆಯವರೆಗೆ ನಾನು ನೋಡಿದ್ದು ಬೆಳ್ಳೂರಿನಲ್ಲಿ ಮಾತ್ರ. ಅದಕ್ಕೇ ನನ್ನ ಓಟು ಅದಕ್ಕೆ.

ಆದರೂ ಕೆಲವರಿಗೆ ಬೆಳ್ಳೂರು ಬೇಡ ಅಂತಲೇ ಹೇಳುತ್ತೇನೆ. ವಾಸನೆ ಇದೆ, ಮೀನು ಮತ್ತು ಹಿಕ್ಕೆ ಸೇರಿದ ಗಾಢ ವಾಸನೆ, ಬಿಸಿಲೇರಿದ ಹಾಗೆ ಜಾಸ್ತಿ ಆಗುತ್ತದೆ. ಅರ್ಧ ಗಂಟೆಯಲ್ಲಿ ಮೂಗಿಗೆ ರೂಢಿಯಾಗುತ್ತದೆ, ಆದರೆ ಅಷ್ಟು ಹೊತ್ತು ತಡೆಯದವರೂ ಇರುತ್ತಾರೆ. ಮಕ್ಕಳಿಗೆ ಆಟಕ್ಕೆ ಅಂತ ಏನೂ ಇಲ್ಲ. ಊಟ, ಶೌಚಾಲಯ ಎಲ್ಲ ಮದ್ದೂರಿನಲ್ಲೇ ಮುಗಿಸಿಕೊಂಡು ಹೋಗುವುದು ವಾಸಿ, ಮದ್ದೂರು ವಡೆ ಕಟ್ಟಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು. ಟೋಪಿ ಕಡ್ಡಾಯ, ಅದು ಬಿಸಿಲಿಗೆ ಮಾತ್ರ ಅಲ್ಲ. ಇನ್ನೊಬ್ಬರ ಮನೆಯಂಗಳದಲ್ಲಿ ನಿಂತಿದ್ದೇವೆ ಅನ್ನುವುದು ಮರೆಯಬಾರದು. ಕೇಳದೆ ಒಳಗೆ ಹೋಗುವುದು, ಹಕ್ಕಿ ಹಾರಲಿ ಅಂತ ಚಪ್ಪಾಳೆ ತಟ್ಟುವುದು, ಡ್ರೋನ್ ಹಾರಿಸುವುದು, ಇವೆಲ್ಲ ಮಾಡುವವರು ದಯವಿಟ್ಟು ಮನೆಯಲ್ಲೇ ಇರಲಿ. ದೊಡ್ಡ ಹಕ್ಕಿ ಗಾಬರಿಯಿಂದ ಎದ್ದರೆ ಮರಿ ಕೆಳಗೆ ಬೀಳಬಹುದು, ಬಿಸಿಲಲ್ಲಿ ನೆರಳು ತಪ್ಪಿದರೂ ಮರಿಗಳಿಗೆ ಕಷ್ಟವೇ.

ಅಮ್ಮನಿಗೆ ಮಂಡಿ ನೋವು, ಅವರ ಜೊತೆ ಹೊರಟರೆ ರಂಗನತಿಟ್ಟಿಗೇ. ನೆರಳಿದೆ, ಕೂರಲು ಬೆಂಚುಗಳಿವೆ, ದೋಣಿ ಹತ್ತಿ ಇಳಿಯುವುದೊಂದೇ ಸ್ವಲ್ಪ ಕಷ್ಟ, ಒಬ್ಬರು ಕೈ ಹಿಡಿದರೆ ಸಾಕು. ಮಕ್ಕಳಿಗೂ ಅದೇ, ಮೊಸಳೆ ಇದೆಯಲ್ಲ! ಹಕ್ಕಿ ನೋಡುವ ಅಭ್ಯಾಸವೇ ಇಲ್ಲದವರು ಮೊದಲು ಅಲ್ಲಿಗೆ ಹೋಗಿ ಹೆಸರುಗಳನ್ನು ಕಲಿತುಕೊಂಡು, ಮುಂದಿನ ವರ್ಷ ಬೆಳ್ಳೂರಿಗೆ ಹೋದರೂ ಚೆಂದ.

ಇಡೀ ದಿನ ಸಿಗದವರಿಗೆ ಮೈಸೂರಿನ ಒಳಗೇ ಕುಕ್ಕರಹಳ್ಳಿ ಕೆರೆ ಇದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಬೆಳಗಿನ ವಾಕಿಂಗ್‌ನಲ್ಲೇ ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ ಕಾಣುತ್ತವೆ. ಗೂಡುಗಳ ಗಲಾಟೆ ಇಷ್ಟು ಹತ್ತಿರದಿಂದ ಸಿಗುವುದಿಲ್ಲ, ಹಾಗಾಗಿ ಇದನ್ನು ಆ ಎರಡರ ಸಾಲಿಗೆ ಸೇರಿಸುವುದಿಲ್ಲ.

ಎರಡನ್ನೂ ಒಂದೇ ದಿನ ಮುಗಿಸಬಹುದಾ ಅಂದರೆ, ಸ್ವಂತ ಕಾರು ಇದ್ದರೆ ಆಗುತ್ತದೆ. ಬೆಳಗ್ಗೆ ಐದಕ್ಕೆ ಬಿಟ್ಟು ಏಳರ ಒಳಗೆ ಬೆಳ್ಳೂರು, ಹತ್ತೂವರೆವರೆಗೆ ಅಲ್ಲಿ, ಮದ್ದೂರಿನಲ್ಲೋ ಮಂಡ್ಯದಲ್ಲೋ ಊಟ, ನಾಲ್ಕರ ಹೊತ್ತಿಗೆ ರಂಗನತಿಟ್ಟಿನ ದೋಣಿ. ಮೇಯಲು ಹೋದ ಹಕ್ಕಿಗಳು ಸಂಜೆ ತಿಟ್ಟುಗಳಿಗೆ ವಾಪಸ್ ಬರುವ ಹೊತ್ತು ಅದು, ಬೆಳಕೂ ಚೆನ್ನಾಗಿರುತ್ತದೆ. ತಿರುಗುಮುರುಗು ಮಾಡಬೇಡಿ, ಮಧ್ಯಾಹ್ನದ ಬೆಳ್ಳೂರು ಬರೀ ಸುಸ್ತು. ಮತ್ತೆ, ಬೆಳ್ಳೂರಿನಲ್ಲಿ ಮರದ ಕೆಳಗೆ ಮರಿ ಬಿದ್ದಿರುವುದು ಕಂಡರೆ ಎತ್ತಿಕೊಳ್ಳುವುದಕ್ಕೆ ಹೋಗಬೇಡಿ, ನೀರು ಕುಡಿಸುವುದಕ್ಕೂ ಬೇಡ. ಹತ್ತಿರದ ಮನೆಯವರಿಗೆ ಹೇಳಿ, ಯಾರನ್ನು ಕರೆಯಬೇಕು ಅಂತ ಅವರಿಗೆ ಗೊತ್ತಿರುತ್ತದೆ.