ಗ್ರೇಟ್ ಓಷನ್ ರೋಡ್‌ಗೆ ಎರಡು ದಿನ ಕೊಡಿ

ಆಸ್ಟ್ರೇಲಿಯಾದ ಕಡಲ ದಂಡೆಯ ರಸ್ತೆ ಗ್ರೇಟ್ ಓಷನ್ ರೋಡ್ ನೋಡಲು ಮೆಲ್ಬರ್ನ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸಾಗುವ ಬಸ್ ಟೂರ್‌ಗಳು ಬೇಕಾದಷ್ಟಿವೆ. ನನ್ನ ಜೊತೆ ಅಮ್ಮ ಇದ್ದರು. ಅವರಿಗೆ ಮಂಡಿ ನೋವು. ಹಾಗಾಗಿ ಬಾಡಿಗೆ ಕಾರು ತೆಗೆದುಕೊಂಡು, ಮಧ್ಯದಲ್ಲಿ ಒಂದು ರಾತ್ರಿ ಉಳಿದುಕೊಂಡೆವು. ಈ ರಸ್ತೆಗೆ ಅದೇ ಸರಿ ಅಂತ ಈಗ ಖಾತ್ರಿಯಾಗಿ ಹೇಳಬಲ್ಲೆ.

ರಸ್ತೆ ಟಾರ್ಕಿಯಿಂದ ಅಲನ್ಸ್‌ಫರ್ಡ್‌ವರೆಗೆ ಸುಮಾರು 243 ಕಿಲೋಮೀಟರ್. ಟಾರ್ಕಿ ಕಡೆಯಿಂದಲೇ ಶುರುಮಾಡಿ. ಅಲ್ಲೂ ಎಡಗಡೆಯೇ ಓಡಿಸಬೇಕು, ಸಮುದ್ರವೂ ಎಡಕ್ಕೇ ಇರುತ್ತದೆ. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತವರಿಗೆ ಕಿಟಕಿ ತುಂಬ ನೀರು! ವ್ಯೂ ಪಾಯಿಂಟ್ ಬಂದಾಗ ಎದುರಿನ ಗಾಡಿಗಳನ್ನು ದಾಟುವ ಗೊಡವೆಯೂ ಇಲ್ಲ, ಹೆಚ್ಚಿನ ಕಡೆ ಸುಮ್ನೆ ಎಡಕ್ಕೆ ತಿರುಗಿಸಿ ನಿಲ್ಲಿಸಬಹುದು.

ಈಸ್ಟರ್ನ್ ವ್ಯೂ ಹತ್ತಿರ ರಸ್ತೆಗೆ ಅಡ್ಡಲಾಗಿ ಮರದ ಕಮಾನು ಇದೆ. ಫೋಟೋ ತೆಗೆದು ಓಡಬೇಡಿ, ಪಕ್ಕದಲ್ಲಿರುವ ಕಾರ್ಮಿಕರ ಪ್ರತಿಮೆಯನ್ನೂ ನೋಡಿ. ಮೊದಲ ಮಹಾಯುದ್ಧದಿಂದ ಮರಳಿದ ಸುಮಾರು 3,000 ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿ ಹಿಡಿದು ಈ ಬಂಡೆ ಕಡಿದರು. ಸತ್ತ ಜೊತೆಗಾರರ ನೆನಪಿಗೆ ಕಟ್ಟಿದ ರಸ್ತೆ ಇದು. ಲಾರ್ನ್ ದಾಟಿದ ಮೇಲೆ ಬಲಕ್ಕೆ ಗೋಡೆಯ ಹಾಗೆ ಬೆಟ್ಟ, ಎಡಕ್ಕೆ ಕೆಳಗೆ ಅಲೆ, ನಡುವೆ ಇಷ್ಟೇ ಇಷ್ಟು ದಾರಿ. ಆಗ ಆ ಕೈಗಳ ಕೆಲಸ ಎಂಥದ್ದು ಅಂತ ಗೊತ್ತಾಗುತ್ತದೆ. ನನಗೆ ಅತಿ ಇಷ್ಟವಾದ ಭಾಗವೂ ಅದೇ. ನಿಧಾನಕ್ಕೆ ಹೋಗಿ. ಹಿಂದೆ ಗಾಡಿಗಳ ಸಾಲು ಬೆಳೆದರೆ ಪಕ್ಕಕ್ಕೆ ಸರಿದು ದಾರಿ ಕೊಡಲು ಅಲ್ಲಲ್ಲಿ ಜಾಗ ಮಾಡಿದ್ದಾರೆ. ಕೆನೆಟ್ ರಿವರ್‌ನಲ್ಲಿ ನೀಲಗಿರಿ ಮರಗಳ ಕವಲಿನಲ್ಲಿ ಎರಡು ಕೋಆಲಾ ನಿದ್ದೆ ಮಾಡುತ್ತಿದ್ದವು. ಅಮ್ಮನೇ ಮೊದಲು ನೋಡಿದ್ದು.

ಅಪೋಲೊ ಬೇ ದಾಟಿದರೆ ರಸ್ತೆ ಸಮುದ್ರ ಬಿಟ್ಟು ಆಟ್ವೇ ಕಾಡಿನೊಳಗೆ ಹೋಗುತ್ತದೆ. ಫೋನ್ ಸಿಗ್ನಲ್ ಎಷ್ಟೋ ಕಡೆ ಸಿಗಲಿಲ್ಲ. ಮ್ಯಾಪ್ ಮೊದಲೇ ಇಳಿಸಿಕೊಂಡಿರಿ, ಪೆಟ್ರೋಲ್ ಅಪೋಲೊ ಬೇಯಲ್ಲೇ ತುಂಬಿಸಿ. ನಮಗೆ ತೊಂದರೆ ಆಗಿದ್ದೂ ಇಲ್ಲೇ. ಜೋರು ಮಳೆ ಬಂತು, ವೈಪರ್ ಹಾಕಿದರೆ ಗಾಜಿನ ಮೇಲೆ ಬರೀ ಮಂಜು ಬಳಿದ ಹಾಗೆ. ಬ್ಲೇಡಿನ ರಬ್ಬರ್ ಹರಿದಿತ್ತು. ಲೇವರ್ಸ್ ಹಿಲ್‌ನಲ್ಲಿ ಮುಕ್ಕಾಲು ಗಂಟೆ ನಿಂತೆವು. ಬಾಡಿಗೆಗೆ ಕೊಟ್ಟವರು ಇಷ್ಟು ನೋಡಿ ಕೊಡಬೇಕಿತ್ತು, ಇಂಥ ದಾರಿಯಲ್ಲಿ ಇದು ಜೀವದ ವಿಷಯ. ಕೀ ಕೈಗೆ ಬಂದ ಕೂಡಲೇ ವೈಪರ್, ಟೈರು, ದೀಪ ನೀವೇ ಪರೀಕ್ಷಿಸಿ.

ಟ್ವೆಲ್ವ್ ಅಪಾಸಲ್ಸ್, ಅಂದರೆ ಸಮುದ್ರದಲ್ಲಿ ನಿಂತ ಕಲ್ಲಿನ ಕಂಬಗಳ ಹತ್ತಿರ ತಲುಪಿದಾಗ ಸಂಜೆ. ಹೆಸರಲ್ಲಿ ಹನ್ನೆರಡು ಇದ್ದರೂ ಅಷ್ಟು ಕಂಬ ಯಾವತ್ತೂ ಇರಲಿಲ್ಲ. 2005ರಲ್ಲಿ ಒಂದು ಕುಸಿದು ಈಗ ಎಂಟು ಉಳಿದಿವೆ. ಸುಣ್ಣಕಲ್ಲಿನ ದಂಡೆಯನ್ನು ಅಲೆ ಕೊರೆದು ಗುಹೆ ಮಾಡುತ್ತದೆ, ಗುಹೆ ಕಮಾನಾಗುತ್ತದೆ, ಕಮಾನು ಬಿದ್ದರೆ ಕಂಬ ಒಂಟಿಯಾಗುತ್ತದೆ. ವ್ಯೂ ಪಾಯಿಂಟಿನ ದಾರಿ ಸಮತಟ್ಟು, ಅಮ್ಮ ಆರಾಮಾಗಿ ನಡೆದರು. ಗಿಬ್ಸನ್ ಸ್ಟೆಪ್ಸ್‌ನ 86 ಮೆಟ್ಟಿಲು ಮಾತ್ರ ನಾನೊಬ್ಬಳೇ ಇಳಿದೆ. ಕೆಳಗೆ ನಿಂತು ತಲೆ ಎತ್ತಿ ನೋಡಿದಾಗಲೇ ಆ ಬಂಡೆಗಳ ಎತ್ತರ ತಿಳಿಯುವುದು. ಕತ್ತಲಾದ ಮೇಲೆ ಓಡಿಸಬೇಡಿ, ಕಾಂಗರೂ ಅಡ್ಡ ಬರುತ್ತವೆ. ನಾವು ಹತ್ತಿರದ ಪೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ ಮಲಗಿ, ಬೆಳಗಾಗುತ್ತಲೇ ಲಾಕ್ ಆರ್ಡ್ ಗಾರ್ಜ್ ಎಂಬ ಕಡಲ ಕಮರಿಗೆ ಹೋದೆವು.

ಬಸ್‌ನಲ್ಲಿ ಬಂದಿದ್ದರೆ ಈ ಬೆಳಗು ಸಿಗುತ್ತಿರಲಿಲ್ಲ. ಒಬ್ಬರೂ ಇರಲಿಲ್ಲ. 1878ರಲ್ಲಿ ಇಲ್ಲಿ ಒಡೆದ ಲಾಕ್ ಆರ್ಡ್ ಹಡಗಿನಲ್ಲಿ 54 ಜನ ಇದ್ದರು, ಬದುಕಿದವರು ಇಬ್ಬರೇ. ಟಾಮ್ ಪಿಯರ್ಸ್ ಎಂಬ ಹುಡುಗ ಈಜಿ ದಡ ಸೇರಿ, ಮತ್ತೆ ನೀರಿಗಿಳಿದು ಈವಾ ಕಾರ್ಮೈಕಲ್ ಎಂಬ ಹುಡುಗಿಯನ್ನು ಎಳೆದು ತಂದ. ನಾನು ಬೋರ್ಡ್ ಓದಿ ಹೇಳುತ್ತಿದ್ದೆ.

"ಆಮೇಲೆ ಅವರಿಬ್ಬರೂ ಮದುವೆ ಆದ್ರಾ?" ಅಂದರು ಅಮ್ಮ.

"ಇಲ್ಲಮ್ಮ, ಅವಳು ಐರ್ಲೆಂಡ್‌ಗೆ ವಾಪಸ್ ಹೋದಳು. ಅವಳ ತಾಯಿಯನ್ನು ಇಲ್ಲೇ ಮೇಲೆ ಮಣ್ಣು ಮಾಡಿದ್ದಾರೆ."

ಅಮ್ಮ ಮಂಡಿ ನೋವು ಅನ್ನಲಿಲ್ಲ. ಆ ಸಮಾಧಿಯವರೆಗೂ ನಡೆದು ಬಂದರು.