ಒಡೆತನ ಸ್ಪಷ್ಟವಾಗಿರುವ ವಿನ್ಯಾಸ: ಕ್ಯೂಟಿ ಲೈಬ್ರರಿಯ ಪೇರೆಂಟ್-ಚೈಲ್ಡ್ ವ್ಯವಸ್ಥೆಯ ವಿಮರ್ಶೆ

ಒಂದು ಆಬ್ಜೆಕ್ಟಿನ (ಪೇರೆಂಟ್) ಅಡಿಯಲ್ಲಿ ಹಲವು ಆಬ್ಜೆಕ್ಟುಗಳು (ಚೈಲ್ಡ್) ಇರುವ ಕ್ಲಾಸುಗಳನ್ನು ಬರೆಯಲು ಕುಳಿತ ಕೂಡಲೇ ಎರಡು ಪ್ರಶ್ನೆಗಳು ಎದುರಾಗುತ್ತವೆ. ತನ್ನ ಪೇರೆಂಟ್ ಯಾವುದೆಂದು ಚೈಲ್ಡ್‌ಗೆ ತಿಳಿದಿರಬೇಕೇ? ಪೇರೆಂಟ್ ಅಳಿದಾಗ ಚೈಲ್ಡ್‌ನ ಗತಿಯೇನು? ಸಿ ಪ್ಲಸ್ ಪ್ಲಸ್ ಭಾಷೆಗಾಗಿ 1995ರಲ್ಲಿ ಮೊದಲ ಬಾರಿಗೆ ಬಿಡುಗಡೆಯಾದ, ವಿಂಡೋ, ಬಟನ್‌ಗಳಿರುವ ಪ್ರೋಗ್ರಾಮುಗಳನ್ನು ಬರೆಯಲು ನೆರವಾಗುವ ಕ್ಯೂಟಿ ಲೈಬ್ರರಿ ಇವೆರಡಕ್ಕೂ ಕೊಡುವ ಉತ್ತರ, ಅದನ್ನು ಎಂದೂ ಬಳಸದವರಿಗೂ ಅಭ್ಯಾಸಯೋಗ್ಯವೆಂದು ನಾನು ನಂಬಿದ್ದೇನೆ.

ಈ ವ್ಯವಸ್ಥೆಯೆಲ್ಲ ಕ್ಯೂಆಬ್ಜೆಕ್ಟ್ ಎಂಬ ಮೂಲ ಕ್ಲಾಸಿನಲ್ಲಿದೆ. ಆಬ್ಜೆಕ್ಟನ್ನು ಸೃಷ್ಟಿಸುವಾಗ ಓಡುವ ಕನ್‌ಸ್ಟ್ರಕ್ಟರಿಗೆ ಪೇರೆಂಟಿನ ಪಾಯಿಂಟರ್ (ಮೆಮೊರಿಯಲ್ಲಿ ಅದರ ವಿಳಾಸ) ಕೊಟ್ಟರೆ ಸಾಕು, ಚೈಲ್ಡ್ ತಾನಾಗಿ ಪೇರೆಂಟಿನ ಪಟ್ಟಿಗೆ ಸೇರುತ್ತದೆ. ಪೇರೆಂಟ್ ಅಳಿಯುವಾಗ ಅದರ ಡಿಸ್ಟ್ರಕ್ಟರ್ ಓಡಿ ಚೈಲ್ಡ್ ಕೂಡ ಡಿಲೀಟ್ ಆಗುತ್ತದೆ. ಚೈಲ್ಡನ್ನೇ ಮೊದಲು ಡಿಲೀಟ್ ಮಾಡಿದರೆ ಅದು ಪಟ್ಟಿಯಿಂದ ತನ್ನನ್ನು ತೆಗೆದುಹಾಕಿಕೊಂಡೇ ಹೋಗುತ್ತದೆ. ಬಟನ್ ಒಂದು ಡೈಲಾಗಿನ ಚೈಲ್ಡ್ ಆದ ಮಾತ್ರಕ್ಕೆ ಬಟನ್ ಕ್ಲಾಸ್ ಡೈಲಾಗ್ ಕ್ಲಾಸನ್ನು ಇನ್‌ಹೆರಿಟ್ ಮಾಡಬೇಕಿಲ್ಲ, ಅಂದರೆ ಅದರ ಗುಣಗಳನ್ನು ಪಡೆದ ಉಪಕ್ಲಾಸ್ ಆಗಬೇಕಿಲ್ಲ. ಹೊಸಬರನ್ನು ಕಾಡುವ ಈ ಗೊಂದಲ ಇಲ್ಲಿ ಬೇಗ ನೀಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದುದು ಸಂಬಂಧವನ್ನು ಬದಲಿಸಲು ಇರುವ ಏಕೈಕ ದಾರಿ. ನಾವೇ ಬರೆದುಕೊಳ್ಳುವ ಕ್ಲಾಸುಗಳಲ್ಲಿ ಸಾಮಾನ್ಯವಾಗಿ ಪೇರೆಂಟಿಗೊಂದು ಆಡ್‌ಚೈಲ್ಡ್, ಚೈಲ್ಡ್‌ಗೊಂದು ಸೆಟ್‌ಪೇರೆಂಟ್ ಇರುತ್ತವೆ, ಎರಡೂ ಪಬ್ಲಿಕ್, ಅಂದರೆ ಹೊರಗಿನ ಯಾವ ಕೋಡ್ ಬೇಕಾದರೂ ಕರೆಯಬಹುದಾದವು. ಒಂದನ್ನು ಕರೆದು ಇನ್ನೊಂದನ್ನು ಮರೆತರೆ ಚೈಲ್ಡ್ ಹೊಸ ಪೇರೆಂಟಿನ ಪಟ್ಟಿಯಲ್ಲಿದ್ದೂ ಹಳೆಯ ಪೇರೆಂಟನ್ನೇ ತೋರಿಸುತ್ತಿರುತ್ತದೆ, ಮತ್ತು ಆ ದೋಷ ಎಲ್ಲೋ ದೂರದ ಫಂಕ್ಷನ್ನಿನಲ್ಲಿ ಬಯಲಾಗುತ್ತದೆ. ಕ್ಯೂಆಬ್ಜೆಕ್ಟಿನಲ್ಲಿ ಆಡ್‌ಚೈಲ್ಡ್ ಇಲ್ಲವೇ ಇಲ್ಲ. ಸೆಟ್‌ಪೇರೆಂಟ್ ಒಂದೇ ಹಳೆಯ ಪಟ್ಟಿಯಿಂದ ತೆಗೆದು ಹೊಸ ಪಟ್ಟಿಗೆ ಸೇರಿಸುತ್ತದೆ. ಚಿಲ್ಡ್ರನ್ ಫಂಕ್ಷನ್ ಕೊಡುವ ಪಟ್ಟಿ ಓದುವುದಕ್ಕೆ ಮಾತ್ರ.

ದೋಷಗಳೂ ಇವೆ, ಅವುಗಳಲ್ಲಿ ಒಂದು ಗಂಭೀರವಾದುದು. ಮೊದಲು ಬಟನ್, ಆಮೇಲೆ ವಿಂಡೋ ಎಂಬ ಕ್ರಮದಲ್ಲಿ ಎರಡನ್ನೂ ಲೋಕಲ್ ವೇರಿಯಬಲ್‌ಗಳಾಗಿ ಘೋಷಿಸಿ, ಬಟನ್ನಿಗೆ ವಿಂಡೋವನ್ನು ಪೇರೆಂಟ್ ಮಾಡಿದೆವೆನ್ನೋಣ. ಲೋಕಲ್ ವೇರಿಯಬಲ್‌ಗಳು ಹುಟ್ಟಿದ ಕ್ರಮಕ್ಕೆ ವಿರುದ್ಧವಾಗಿ ಅಳಿಯುವುದರಿಂದ ಫಂಕ್ಷನ್ ಮುಗಿದಾಗ ವಿಂಡೋ ಮೊದಲು ಹೋಗುತ್ತದೆ, ಹೋಗುವಾಗ ಸ್ಟ್ಯಾಕ್‌ನಲ್ಲಿರುವ (ಲೋಕಲ್ ವೇರಿಯಬಲ್‌ಗಳ ಮೆಮೊರಿ) ಬಟನ್ನನ್ನು ಡಿಲೀಟ್ ಮಾಡಲು ಹೊರಡುತ್ತದೆ, ಪ್ರೋಗ್ರಾಮ್ ಕ್ರ್ಯಾಶ್ ಆಗುವುದು ಇಲ್ಲಿಯೇ. ಕಂಪೈಲರ್ ಇದನ್ನು ತಡೆಯುವುದಿಲ್ಲ. ಚೈಲ್ಡ್‌ಗಳನ್ನು ನ್ಯೂ ಮೂಲಕ ಹೀಪ್‌ನಲ್ಲಿ (ಡಿಲೀಟ್ ಮಾಡುವವರೆಗೆ ಉಳಿಯುವ ಮೆಮೊರಿ) ಸೃಷ್ಟಿಸುವುದು, ಇಲ್ಲವಾದರೆ ಪೇರೆಂಟನ್ನು ಮೊದಲು ಘೋಷಿಸುವುದು ನಾವೇ ಪಾಲಿಸಬೇಕಾದ ಶಿಸ್ತು.

ಪೇರೆಂಟ್ ಮತ್ತು ಚೈಲ್ಡ್ ಒಂದೇ ಥ್ರೆಡ್ಡಿನಲ್ಲಿ (ಪ್ರೋಗ್ರಾಮಿನೊಳಗೆ ಸಮಾನಾಂತರವಾಗಿ ಓಡುವ ಎಳೆ) ಇರಬೇಕೆಂಬ ನಿಯಮ ಬಿಗಿಯಾದರೂ ನ್ಯಾಯವಾದುದು. ಪೇರೆಂಟ್ ಫಂಕ್ಷನ್ ಯಾವಾಗಲೂ ಕ್ಯೂಆಬ್ಜೆಕ್ಟಿನ ಪಾಯಿಂಟರನ್ನೇ ಕೊಡುವುದರಿಂದ ನಿಜವಾದ ಟೈಪಿಗಾಗಿ ಪ್ರತಿಸಲ ಕ್ಯಾಸ್ಟ್ (ಟೈಪ್ ಬದಲಾವಣೆ) ಮಾಡಬೇಕಾಗುತ್ತದೆ, ಇದು ನನಗೆ ಸರಿಬರಲಿಲ್ಲ.

ಗ್ರಾಫಿಕಲ್ ಪ್ರೋಗ್ರಾಮುಗಳಿಗೆ ಈ ವ್ಯವಸ್ಥೆಯನ್ನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ. ಕ್ಯೂಟಿ ಬೇಡವೆನ್ನುವವರು ಸಿ ಪ್ಲಸ್ ಪ್ಲಸ್‌ನ 2011ರ ಮಾನದಂಡದೊಂದಿಗೆ ಬಂದ ಯೂನಿಕ್ ಪಾಯಿಂಟರುಗಳ (ತಾವು ತೋರಿಸುವ ಆಬ್ಜೆಕ್ಟಿನ ಏಕೈಕ ಒಡೆಯರಾಗಿದ್ದು, ತಾವು ಅಳಿದಾಗ ಅದನ್ನೂ ಡಿಲೀಟ್ ಮಾಡುವವು) ಪಟ್ಟಿಯನ್ನು ಪೇರೆಂಟಿನಲ್ಲಿಟ್ಟು, ಚೈಲ್ಡ್‌ನಲ್ಲಿ ಪೇರೆಂಟಿನ ಟೈಪಿನದೇ ಒಂದು ಸಾದಾ ಪಾಯಿಂಟರ್ ಇಟ್ಟುಕೊಂಡು, ಅದನ್ನು ಬದಲಿಸುವ ಹಕ್ಕನ್ನು ಪೇರೆಂಟ್ ಕ್ಲಾಸಿಗೆ ಮಾತ್ರ ಬಿಟ್ಟರೆ ಕ್ಯಾಸ್ಟಿನ ತೊಂದರೆಯೂ ಇರುವುದಿಲ್ಲ, ಸ್ಟ್ಯಾಕ್‌ನ ಆ ಅಪಾಯವೂ ಬಹುಮಟ್ಟಿಗೆ ತಪ್ಪುತ್ತದೆ.